ನಿಮಗಿದು ಗೊತ್ತೆ? ಬೇಡವಾದ ಅಪ್‌ಡೇಟ್ ತೆಗೆಯಬಹುದು!

ಮಂಡ್ಯ, ಮದ್ದೂರು, ಮಳವಳ್ಳಿಯ ಡಿಟಿಪಿ ಅಂಗಡಿಯಿರಲಿ, ನಿಮ್ಮ ಮನೆಯಿರಲಿ, ವಿಂಡೋಸ್ ಅಪ್‌ಡೇಟ್ ಆದ ಮೇಲೆ ಪ್ರಿಂಟರ್ ಕೈಕೊಟ್ಟರೆ ಗಾಬರಿ ಬೇಡ.

● ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ನ ‘ವಿಂಡೋಸ್ ಅಪ್‌ಡೇಟ್’ಗೆ ಹೋಗಿ, ‘ಅಪ್‌ಡೇಟ್ ಹಿಸ್ಟರಿ’ಯಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಒತ್ತಿ.

● ಈ ಪಟ್ಟಿಯ ಅಪ್‌ಡೇಟ್‌ಗಳಿಗೆ ಸಾಮಾನ್ಯವಾಗಿ ‘ಕೆಬಿ’ಯಿಂದ ಶುರುವಾಗುವ ಸಂಖ್ಯೆಯಿರುತ್ತದೆ. ದಿನಾಂಕ ನೋಡಿ ಗುರುತಿಸಿ, ತೆಗೆಯಿರಿ. ಅದು ತಕ್ಷಣ ಮರಳದಂತೆ ಅಪ್‌ಡೇಟ್‌ಗಳನ್ನು ಕೆಲವು ವಾರ ‘ಪಾಜ್’ (Pause) ಮಾಡಿಡಿ.

● ವಿಂಡೋಸ್‌ನ ಹೊಸ ಆವೃತ್ತಿಯೇ ಬಂದು ಕೂತಿದ್ದರೆ, ‘ರಿಕವರಿ’ಯಲ್ಲಿರುವ ‘ಗೋ ಬ್ಯಾಕ್’ ಒತ್ತಿ ಹಳೆಯದಕ್ಕೆ ಮರಳಲು ಸಾಮಾನ್ಯವಾಗಿ 10 ದಿನ ಮಾತ್ರ ಅವಕಾಶ. ಮೊದಲು ಕಡತಗಳ ಬ್ಯಾಕಪ್ ಮಾಡಿಕೊಳ್ಳಿ.

● ಆದರೆ ಅಪ್‌ಡೇಟ್ ಇಲ್ಲದೆ ಬಹುಕಾಲ ಬಿಡುವುದು ಅಪಾಯ. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ‘ವನ್ನಾಕ್ರೈ’ ಎಂಬ ಕುತಂತ್ರಾಂಶವನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಅದನ್ನು ಹಾಕಿಕೊಳ್ಳದ ಕಂಪ್ಯೂಟರ್‌ಗಳು ಬಲಿಯಾದವು.

ಹಾಗಾಗಿ ಭದ್ರತಾ ಅಪ್‌ಡೇಟ್ ತೆಗೆದಿದ್ದರೆ, ದೋಷ ಸರಿಹೋದ ಕೂಡಲೇ ತಪ್ಪದೆ ಮತ್ತೆ ಹಾಕಿಕೊಳ್ಳಿ.