ದೂರದ ನಡಿಗೆಯೂ ತೊಡೆಯ ತರಚುಗಾಯವೂ

ಪಂಚಗಂಗೆಯು ಕೆಂಪೇರಿ ದಡ ತುಂಬಿ ಹರಿಯುವ ಜುಲೈ ತಿಂಗಳಿನಲ್ಲಿ, ನಮ್ಮ ಕೊರೋಚಿ, ಇಚಲಕರಂಜಿಗಳಿಂದಲೂ ದಕ್ಷಿಣದ ಗಡಹಿಂಗ್ಲಜ ಸೀಮೆಯಿಂದಲೂ ತರುಣರು ಗುಂಪುಗೂಡಿ ಪನ್ಹಾಳಗಡಕ್ಕೆ ತೆರಳಿ, ಅಲ್ಲಿಂದ ಮಸಾಯಿ ಪಠಾರವನ್ನು ದಾಟಿ ಪಾವನಖಿಂಡಿಯವರೆಗೆ ಕಾಲ್ನಡಿಗೆಯಲ್ಲಿ ಸಾಗುತ್ತಾರೆ. 1660ರ ಜುಲೈಯಲ್ಲಿ ಬಿಜಾಪುರದ ಸೇನಾನಿ ಸಿದ್ದಿ ಜೌಹರನ ಮುತ್ತಿಗೆಯಿಂದ ಶಿವಾಜಿ ಮಹಾರಾಜರು ಮಳೆಗತ್ತಲಿನಲ್ಲಿ ಪಾರಾಗಿ ವಿಶಾಳಗಡವನ್ನು ಸೇರಿದ, ಅವರ ಸೇನಾನಿ ಬಾಜಿಪ್ರಭು ದೇಶಪಾಂಡೆಯು ಪಾವನಖಿಂಡಿಯ ಇಕ್ಕಟ್ಟಾದ ಕಣಿವೆಯಲ್ಲಿ ಶತ್ರುವನ್ನು ತಡೆದು ಪ್ರಾಣವಿತ್ತ ದಾರಿಯದು. ಸುಮಾರು 50 ಕಿಲೋಮೀಟರಿನ ಆ ಹಾದಿಯನ್ನು ಸುರಿಯುವ ಮಳೆಯಲ್ಲಿ ಎರಡು ದಿನ ನಡೆಯಬೇಕು.

ಮೊದಲ ದಿನದ ಸಂಜೆ ತಂಗುವ ಹಳ್ಳಿಯಲ್ಲಿ ನಿಂತು ನೋಡಿದರೆ, ಬೆಳಿಗ್ಗೆ ಜಯಘೋಷ ಮಾಡುತ್ತ ಹೊರಟವರಲ್ಲಿ ಕೆಲವರು ಕಾಲುಗಳನ್ನು ಅಗಲಿಸಿ, ಪ್ರತಿ ಹೆಜ್ಜೆಗೂ ಹಲ್ಲು ಕಚ್ಚಿ ಬರುತ್ತಿರುವುದು ಕಾಣುತ್ತದೆ. ಏನಾಯಿತೆಂದು ಕೇಳಿದರೆ ‘ಏನಿಲ್ಲ’ ಎನ್ನುತ್ತಾರೆ. ತೊಡೆಸಂದಿಯ ಚರ್ಮ ಸುಲಿದು ಹಸಿಯಾಗಿದೆಯೆಂದು ಹೇಳಿಕೊಳ್ಳಲು ನಾಚಿಕೆ. ಗಾಯಕ್ಕಿಂತ ಹೆಚ್ಚಿನ ಕೇಡನ್ನು ಈ ನಾಚಿಕೆಯೇ ಮಾಡುತ್ತದೆಂದು ನಾನು ಬಲ್ಲೆ. ಏಕೆಂದರೆ ಉರಿ ಕಾಣಿಸಿಕೊಂಡ ಗಳಿಗೆಯಲ್ಲೇ ನಿಂತು, ಒರೆಸಿ, ಒಂದಿಷ್ಟು ವ್ಯಾಸಲೀನ್ ಸವರಿಕೊಂಡಿದ್ದರೆ ಅಲ್ಲಿಗೇ ಮುಗಿಯಬಹುದಾಗಿದ್ದ ಬಾಧೆಯು, ಮುಚ್ಚಿಟ್ಟುಕೊಂಡು ನಡೆದುದರಿಂದ ರಕ್ತ ಒಸರುವ ಗಾಯವಾಗಿರುತ್ತದೆ.

ನಮ್ಮ ಚರ್ಮದ ಹೊರಪದರವು ದೇಹದ ಬಹುಭಾಗದಲ್ಲಿ ಒಂದು ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ದಪ್ಪವಾದ ಮೃತಕೋಶಗಳ ಕವಚ. ಕಿಲೋಮೀಟರಿಗೆ 1,300 ಹೆಜ್ಜೆ ಎಂದಿಟ್ಟುಕೊಂಡರೂ 50 ಕಿಲೋಮೀಟರಿಗೆ 65,000 ಹೆಜ್ಜೆಗಳಾದುವು. ತೊಡೆಗೆ ತೊಡೆ ತಾಗುವ ಮೈಕಟ್ಟಿನವರಲ್ಲಿ ಘರ್ಷಣೆಯೂ ಅಷ್ಟೇ ಸಲ. ಒಣಗಿದ ಚರ್ಮ ಇದನ್ನು ಬಹಳ ಹೊತ್ತು ತಾಳಿಕೊಳ್ಳುತ್ತದೆ. ಬೆವರಿನಿಂದಲೋ ಮಳೆಯಿಂದಲೋ ತೇವಗೊಂಡಾಗ ಅದು ಮೆತ್ತಗಾಗುವುದಲ್ಲದೆ ಬಟ್ಟೆಗೆ ಅಂಟಿಕೊಳ್ಳುವುದರಿಂದ ಘರ್ಷಣೆಯು ಹೆಚ್ಚುತ್ತದೆ. ಬೆವರು ಆರಿದ ಮೇಲೆ ಉಳಿಯುವ ಉಪ್ಪಿನ ಹರಳುಗಳು ಮರಳಿನಂತೆ ಉಜ್ಜುತ್ತವೆ. ತೊಡೆಸಂದಿ, ಕಂಕುಳು, ಸೊಂಟಪಟ್ಟಿಯ ಕೆಳಗು, ಚೀಲದ ಪಟ್ಟಿ ಕೂರುವ ಹೆಗಲು ಈ ತರಚುಗಾಯದ ನೆಲೆಗಳು. ಬಹುದೂರ ಓಡುವ ಗಂಡಸರಲ್ಲಿ ಒದ್ದೆ ಅಂಗಿ ಉಜ್ಜಿ ಮೊಲೆತೊಟ್ಟುಗಳಿಂದ ರಕ್ತ ಬರುವುದೂ ಉಂಟು. ಓಟಕ್ಕೆ ಮೊದಲೇ ಅಲ್ಲಿ ಅಂಟುಪಟ್ಟಿ ಹಚ್ಚಿಕೊಂಡರೆ ಆಯಿತು.

ಹತ್ತಿಬಟ್ಟೆಯಿಂದ ಹೊಟ್ಟೆ ಹೊರೆಯುವ ಇಚಲಕರಂಜಿಯೆಂಬ ಮಗ್ಗದೂರಿನ ಮಗ್ಗುಲಲ್ಲಿ ಕುಳಿತು ಈ ಮಾತನ್ನು ಬರೆಯುವುದು ನನಗೆ ಸುಲಭವಲ್ಲ, ಆದರೂ ಬರೆಯಬೇಕು. ಹತ್ತಿಯು ನಿತ್ಯದ ಉಡಿಗೆಗೆ ಅಮೃತಪ್ರಾಯವಾದುದು. ಆದರೆ ದೂರದ ನಡಿಗೆಯಲ್ಲಿ ಒಮ್ಮೆ ನೆನೆಯಿತೆಂದರೆ ಬೇಗನೆ ಆರದು. ನಮ್ಮ ಓಣಿಯ ನೇಕಾರ ಕಾಕಾ ಒಬ್ಬರು ಇದನ್ನೇ ‘ಹಸಿ ಅರಿಬಿ ಉಟಗೊಂಡು ಹರದಾರಿ ನಡದ್ರ ತೊಡಿ ಉಳಿತಾವೇನ್, ತಮ್ಮಾ?’ ಎಂದು ಕೇಳಿದ್ದರು. ಮೈಗೆ ಹೊಂದಿಕೊಂಡು ಮೊಣಕಾಲಿನ ಸಮೀಪದವರೆಗೆ ಇಳಿಯುವ, ಬೇಗ ಆರುವ ಕೃತಕ ನೂಲಿನ ಚಡ್ಡಿಯೇ ಒಳಗಿನ ಉಡುಪಾಗಿರಲಿ. ಅದರ ಹೊಲಿಗೆಯ ಏಣು ತೊಡೆಸಂದಿಗೆ ಬಾರದಿರಲಿ. ನಮ್ಮ ಅಜ್ಜಿಯಂದಿರು ಕಚ್ಚೆ ಹಾಕಿ ಸೀರೆಯುಟ್ಟು ಪಂಢರಪುರಕ್ಕೆ ನಡೆಯುತ್ತಿದ್ದಾಗ ಎರಡು ತೊಡೆಗಳ ನಡುವೆ ಬಟ್ಟೆಯ ಪದರವೊಂದು ತಾನಾಗಿಯೇ ಇರುತ್ತಿತ್ತು. ಲಂಗದ ಮೇಲೆ ಸೀರೆಯುಡುವ ಇಂದಿನ ಅಕ್ಕಂದಿರಿಗೆ ಆ ರಕ್ಷಣೆಯಿಲ್ಲ. ಪಂಢರಪುರದ ಯಾತ್ರೆಯ ದಿಂಡಿಯಲ್ಲಿ ಹೊರಡುವಾಗ ಅವರೂ ಒಳಗೆ ಅಂತಹ ಚಡ್ಡಿಯನ್ನು ತೊಡುವುದು ಲೇಸು.

ಹೊರಡುವ ಮುನ್ನ ಉಜ್ಜುವ ಜಾಗಗಳಿಗೆ ವ್ಯಾಸಲೀನನ್ನು ಧಾರಾಳವಾಗಿ ಸವರಬೇಕು. ಹೊಸ ಕೊಲ್ಹಾಪುರಿ ಚಪ್ಪಲಿ ಕಚ್ಚದಿರಲೆಂದು ಎಣ್ಣೆಯೂಡುವ ನಾವು ನಮ್ಮ ಮೈಯ ತೊಗಲನ್ನು ಮಾತ್ರ ಮರೆಯುವುದೇಕೆ? ಮಳೆಯಲ್ಲಿ ಲೇಪವು ತೊಳೆದು ಹೋಗುವುದರಿಂದ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಿಕೊಳ್ಳಬೇಕು. ಪೌಡರು ಒದ್ದೆಯಾದೊಡನೆ ಗಂಟುಗಟ್ಟಿ ತಾನೇ ಉಜ್ಜತೊಡಗುವುದರಿಂದ ಮಳೆಯ ದಾರಿಗೆ ಅದು ತಕ್ಕುದಲ್ಲ. ಹೊಸ ಚಡ್ಡಿ, ಹೊಸ ಚೀಲಗಳನ್ನು ನಾಲ್ಕಾರು ದಿನ ಮೊದಲೇ ತೊಟ್ಟು, ಹೊತ್ತು, ನಡೆದು ನೋಡಬೇಕು.

ಇಷ್ಟಾದರೂ ಗಾಯವಾದರೆ, ತಣ್ಣನೆಯ ಶುದ್ಧ ನೀರಿನಿಂದ ಮೆಲ್ಲನೆ ತೊಳೆದು, ಒತ್ತಿ ಒರೆಸಿ (ಉಜ್ಜಬಾರದು), ಗಾಳಿಗೆ ಆರಬಿಟ್ಟು, ವ್ಯಾಸಲೀನನ್ನಾಗಲಿ ಜಿಂಕ್ ಆಕ್ಸೈಡಿನ ಮುಲಾಮನ್ನಾಗಲಿ ದಪ್ಪನಾಗಿ ಹಚ್ಚಬೇಕು. ರಾತ್ರಿ ಸಡಿಲವಾದ ಒಣಬಟ್ಟೆ ಉಟ್ಟು ಮಲಗಬೇಕು. ಹತ್ತಿಯ ಪಂಚೆಗೆ ಅದೇ ಸಮಯ. ಸುಲಿದ ಚರ್ಮಕ್ಕೆ ಸ್ಪಿರಿಟ್ಟು, ಸುಣ್ಣ, ಟೂತ್‌ಪೇಸ್ಟುಗಳನ್ನು ಬಳಿಯುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವು ಗಾಯವನ್ನು ಸುಡುತ್ತವೆಯೇ ಹೊರತು ಮಾಯಿಸುವುದಿಲ್ಲ. ಸಾಧಾರಣ ತರಚು ವಿಶ್ರಾಂತಿ ಕೊಟ್ಟರೆ ಕೆಲವೇ ದಿನಗಳಲ್ಲಿ ಮಾಯುತ್ತದೆ.

ಉರಿಗಿಂತ ತುರಿಕೆಯೇ ಹೆಚ್ಚಾಗಿ, ಅಂಚು ಕೆಂಪೇರಿದ ಉಂಗುರದಂತೆ ಹಬ್ಬುತ್ತಿದ್ದರೆ ಅದು ತರಚಲ್ಲ, ಗಜಕರ್ಣವಿರಬಹುದು. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಬೆರೆತ ಮುಲಾಮು ಅದನ್ನು ಕೆಲದಿನ ಅಡಗಿಸಿ, ಆಮೇಲೆ ಇನ್ನಷ್ಟು ಹಬ್ಬಿಸುತ್ತದೆ. ಕೀವು ತುಂಬಿದರೆ, ಕೆಂಪು ಸುತ್ತಲೂ ಹರಡಿದರೆ, ಜ್ವರ ಬಂದರೆ ನಡಿಗೆಯನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿರಿ. ಸಕ್ಕರೆ ಕಾಯಿಲೆಯವರು ಅಷ್ಟರವರೆಗೂ ಕಾಯದೆ, ಚರ್ಮ ಸುಲಿದ ದಿನವೇ ತೋರಿಸಿಕೊಳ್ಳಿರಿ. ಜೊತೆಯಲ್ಲಿ ನಡೆಯುವವರಿಗೂ ನಾಚದೆ ತಿಳಿಸಿರಿ.