ದೊಡ್ಡ ಟರ್ಬೊ ಹಾಕಿದರೆ ಸಣ್ಣ ಟ್ರ್ಯಾಕ್ಟರ್‌ಗೆ ಬಲ ಬರುತ್ತದೆಯೇ?

ಬೇರೆ ಟರ್ಬೊ ಕೂರಿಸಿದರೆ ಸಣ್ಣ ಟ್ರ್ಯಾಕ್ಟರ್ ದೊಡ್ಡದರಂತೆ ಎಳೆಯುತ್ತದೆ, ಡೀಸೆಲ್ಲೂ ಉಳಿಯುತ್ತದೆ ಎನ್ನುವುದು ಅರ್ಧ ಸತ್ಯ. ಹಣ ಹಾಕುವ ಮೊದಲು ಉಳಿದರ್ಧ ತಿಳಿಯಿರಿ.

ಸೈಲೆನ್ಸರ್‌ಗೆ ಹೋಗುವ ಬಿಸಿ ಹೊಗೆಯಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವುದಷ್ಟೇ ಟರ್ಬೊ ಕೆಲಸ. ಬಲ ಬರುವುದು ಡೀಸೆಲ್‌ನಿಂದ. ಪಂಪ್ ಮೊದಲಿನಷ್ಟೇ ಡೀಸೆಲ್ ಕೊಟ್ಟರೆ ಕಪ್ಪು ಹೊಗೆ ತಗ್ಗಬಹುದು, ಎಚ್‌ಪಿ ಹೇಳಿಕೊಳ್ಳುವಷ್ಟು ಏರದು. ಪಂಪ್ ಏರಿಸಿದರೆ ಬಲ ಬರುತ್ತದೆ, ನಿಜ. ಜೊತೆಗೆ ಶಾಖ, ಒತ್ತಡವೂ ಏರುತ್ತವೆ. ಟರ್ಬೊ ಇಲ್ಲದೆ ತಯಾರಾದ ಎಂಜಿನ್ನಿನ ಪಿಸ್ಟನ್, ಹೆಡ್ ಗ್ಯಾಸ್ಕೆಟ್ ಅದನ್ನು ತಾಳಲಾರವು.

ಮೊದಲೇ ಟರ್ಬೊ ಇದ್ದು, ದೊಡ್ಡದು ಹಾಕಿದರೆ? ಚಿಕ್ಕ ಎಂಜಿನ್ನಿನ ಹೊಗೆ ಅದನ್ನು ತಿರುಗಿಸಲು ಸಾಲದು. ನೇಗಿಲು ನೆಲ ಕಚ್ಚಿ ಆರ್‌ಪಿಎಂ ಇಳಿದಾಗಲೇ ಎಂಜಿನ್ ದಮ್ಮು ಕಳೆದುಕೊಳ್ಳುತ್ತದೆ.

ಚಳ್ಳಕೆರೆ, ಮೊಳಕಾಲ್ಮೂರಿನ ಶೇಂಗಾ ಹೊಲಗಳಲ್ಲಿ ಧೂಳಿನ ಕಾಟ ಬೇರೆ. ಟರ್ಬೊ ಚಕ್ರ ನಿಮಿಷಕ್ಕೆ 1 ಲಕ್ಷ ಸುತ್ತು ದಾಟಬಲ್ಲದು. ಏರ್ ಫಿಲ್ಟರ್ ಪೈಪಿನ ಕ್ಲಾಂಪ್ ಸಡಿಲವಾಗಿದ್ದರೆ ಒಳನುಗ್ಗುವ ಮಣ್ಣು ಅದರ ರೆಕ್ಕೆಗಳನ್ನು ಸವೆಸುತ್ತದೆ, ಪಿಸ್ಟನ್ ರಿಂಗನ್ನೂ ಬಿಡುವುದಿಲ್ಲ.

ಬಲ ಕಡಿಮೆ ಅನ್ನಿಸಿದರೆ ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ನಾಜಲ್ ನೋಡಿಸಿ. ಟರ್ಬೊ ಬದಲಿಸಲೇಬೇಕೆಂದರೆ ನಿಮ್ಮ ಎಂಜಿನ್‌ಗೆ ಕಂಪನಿ ಹೇಳಿದ ಪಾರ್ಟ್ ನಂಬರಿನದನ್ನೇ ಕೇಳಿ, ಆಯಿಲ್ ಪೈಪ್ ಕಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಿ. ಉಳುಮೆ ಮುಗಿದ ಕೂಡಲೇ ಆಫ್ ಮಾಡದೆ, ಒಂದೆರಡು ನಿಮಿಷ ಎಂಜಿನ್ ನಿಧಾನಕ್ಕೆ ಓಡಲು ಬಿಡಿ.