ಹಳೆಯ ರೌಟರ್‌ಗೆ ಹೊಸ ಕೆಲಸ: ಶಾಲೆಯೊಳಗೊಂದು ಕಡತಗಳ ಕಣಜ

ಔರಾದ ತಾಲ್ಲೂಕಿನ ಒಂದು ಪ್ರೌಢಶಾಲೆಯನ್ನು ಕಲ್ಪಿಸಿಕೊಳ್ಳಿ. ಹತ್ತನೆಯ ತರಗತಿಯ 40 ವಿದ್ಯಾರ್ಥಿಗಳು ಹೃದಯದ ರಚನೆಯನ್ನು ವಿವರಿಸುವ ಒಂದು ವಿಡಿಯೊ ನೋಡಬೇಕಾಗಿದೆ. ಅದರ ಗಾತ್ರ 30 ಮೆಗಾಬೈಟ್. ಶಾಲೆಯ ಅಂತರಜಾಲ ಸಂಪರ್ಕದ ವೇಗ ಸೆಕೆಂಡಿಗೆ 2 ಮೆಗಾಬಿಟ್. ಎಲ್ಲರೂ ಅದನ್ನು ತಂತಮ್ಮ ಫೋನಿಗೋ ಗಣಕಕ್ಕೋ ಇಳಿಸಿಕೊಳ್ಳಲು ಎಷ್ಟು ಹೊತ್ತು ಬೇಕು?

ಲೆಕ್ಕ ಸರಳ. 40 ಪ್ರತಿಗಳೆಂದರೆ 1200 ಮೆಗಾಬೈಟ್. ಒಂದು ಬೈಟ್‌ಗೆ 8 ಬಿಟ್. ಆದ್ದರಿಂದ 9600 ಮೆಗಾಬಿಟ್. ಇದನ್ನು 2ರಿಂದ ಭಾಗಿಸಿದರೆ 4800 ಸೆಕೆಂಡು, ಅಂದರೆ 80 ನಿಮಿಷ. ಒಂದು ಪೀರಿಯಡ್ ಇಳಿಸುವುದರಲ್ಲಿಯೇ ಮುಗಿದುಹೋಗುತ್ತದೆ. ಅದೇ ವಿಡಿಯೊವನ್ನು ಒಮ್ಮೆ ಮಾತ್ರ ಇಳಿಸಿ ಶಾಲೆಯಲ್ಲೇ ಇಟ್ಟುಕೊಂಡರೆ? ಇಳಿಸಲು 2 ನಿಮಿಷ ಸಾಕು. ಆಮೇಲೆ ಶಾಲೆಯೊಳಗಿನ ವೈಫೈ ಮೂಲಕ ಸೆಕೆಂಡಿಗೆ 20 ಮೆಗಾಬಿಟ್ ಸಾಗಿದರೂ ಎಲ್ಲರಿಗೂ ಹಂಚಲು 8 ನಿಮಿಷ ಸಾಕು. ಎರಡನೆಯ ವರ್ಷದ ಮಕ್ಕಳಿಗಂತೂ ಅಂತರಜಾಲವೇ ಬೇಡ.

ಇದಕ್ಕೆ ದುಬಾರಿ ಸರ್ವರ್ ಬೇಕಾಗಿಲ್ಲ. ನಿಮ್ಮ ಶಾಲೆಯ ಕಪಾಟಿನಲ್ಲಿ ಧೂಳು ಹಿಡಿದು ಕುಳಿತ ಹಳೆಯ ರೌಟರ್‌ಗೆ ಯುಎಸ್‌ಬಿ ಕಿಂಡಿ ಇದ್ದರೆ ಅದೇ ಸಾಕಾಗಬಹುದು. ಆದರೆ ಅದರೊಳಗಿನ ತಂತ್ರಾಂಶವನ್ನು ಬದಲಿಸಬೇಕಾಗುತ್ತದೆ. ಅದು ಹೇಗೆ, ಅದರಲ್ಲಿ ಏನು ಅಪಾಯ ಎಂಬುದನ್ನು ನೋಡೋಣ.

ರೌಟರ್ ಎಂಬ ಪುಟ್ಟ ಗಣಕ

ರೌಟರನ್ನು ನಾವು ಅಂತರಜಾಲದ ಡಬ್ಬಿ ಎಂದಷ್ಟೇ ತಿಳಿದಿರುತ್ತೇವೆ. ನಿಜಕ್ಕೂ ಅದೊಂದು ಪುಟ್ಟ ಗಣಕ. ಅದರಲ್ಲಿ ಸಂಸ್ಕಾರಕ ಇದೆ, ಕೆಲಸ ಮಾಡುವಾಗ ಬಳಸುವ ರ‍್ಯಾಮ್ ಇದೆ, ವಿದ್ಯುತ್ ಹೋದರೂ ಅಳಿಯದ ಫ್ಲಾಷ್ ಸ್ಮೃತಿ ಇದೆ. ಆ ಫ್ಲಾಷ್‌ನಲ್ಲಿ ಕುಳಿತು ಎಲ್ಲವನ್ನೂ ನಡೆಸುವ ತಂತ್ರಾಂಶವೇ ಫರ್ಮ್‌ವೇರ್. ಗಣಕದಲ್ಲಿ ವಿಂಡೋಸ್ ಅಥವಾ ಲಿನಕ್ಸ್ ಮಾಡುವ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ.

ತಯಾರಕರು ಕೊಡುವ ಫರ್ಮ್‌ವೇರ್ ಅವರು ನಿಗದಿಪಡಿಸಿದ ಕೆಲಸಗಳನ್ನು ಮಾತ್ರ ಮಾಡುತ್ತದೆ. ಒಂದು ಉದಾಹರಣೆ ನೋಡಿ. ಟಿಪಿ-ಲಿಂಕ್‌ನ ಎಂಆರ್3020 ಎಂಬ ಅಂಗೈಯಗಲದ ರೌಟರ್‌ಗೆ ಯುಎಸ್‌ಬಿ ಕಿಂಡಿ ಇದೆ. ಆದರೆ ಅದನ್ನು ಇಟ್ಟದ್ದು 3ಜಿ ಡಾಂಗಲ್ ಚುಚ್ಚಲೆಂದು. ಪೆನ್‌ಡ್ರೈವ್ ಚುಚ್ಚಿದರೆ ಮೂಲ ಫರ್ಮ್‌ವೇರ್ ಅದನ್ನು ಕಡತಗಳ ಸಂಗ್ರಹವಾಗಿ ಬಳಸಿಕೊಳ್ಳುವುದಿಲ್ಲ. ಯಂತ್ರಾಂಶಕ್ಕೆ ಶಕ್ತಿಯಿದೆ, ತಂತ್ರಾಂಶಕ್ಕೆ ಆ ವಿದ್ಯೆ ಗೊತ್ತಿಲ್ಲ, ಅಷ್ಟೆ.

ಬೇರೆ ಫರ್ಮ್‌ವೇರ್ ಬಂದದ್ದು ಹೇಗೆ?

2002ರ ಕೊನೆಯಲ್ಲಿ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯೂಆರ್‌ಟಿ54ಜಿ ರೌಟರ್ ಮಾರುಕಟ್ಟೆಗೆ ಬಂತು. ಅದರೊಳಗೆ ಲಿನಕ್ಸ್ ಇರುವುದನ್ನು ಆಸಕ್ತರು ಪತ್ತೆ ಮಾಡಿದರು. ಲಿನಕ್ಸ್‌ನ ಪರವಾನಗಿಯಾದ ಜಿಪಿಎಲ್ ಪ್ರಕಾರ, ಅದನ್ನು ಸೇರಿಸಿ ಮಾರುವವರು ಅದರ ಮೂಲ ಸಂಕೇತವನ್ನೂ ಕೊಡಬೇಕು. ಹೀಗಾಗಿ 2003ರಲ್ಲಿ ಕಂಪನಿ ಮೂಲ ಸಂಕೇತವನ್ನು ಬಿಡುಗಡೆ ಮಾಡಿತು. ಅದನ್ನು ಆಧರಿಸಿ 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಯೋಜನೆ ಆರಂಭವಾಯಿತು, ಮರುವರ್ಷ ಡಿಡಿ-ಡಬ್ಲ್ಯೂಆರ್‌ಟಿ ಬಂತು. ಆ ರೌಟರ್‌ನ ಹೆಸರೇ ಈ ಎರಡರಲ್ಲೂ ಉಳಿದುಕೊಂಡಿದೆ. 2024ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಬಳಗವು ತನ್ನದೇ ವಿನ್ಯಾಸದ ರೌಟರನ್ನೂ ಹೊರತಂದಿತು.

ಇಂಥ ಫರ್ಮ್‌ವೇರ್‌ನ ಮುಖ್ಯ ಗುಣ, ಬೇಕಾದ ಭಾಗಗಳನ್ನು ಒಂದೊಂದಾಗಿ ಸೇರಿಸಿಕೊಳ್ಳಬಹುದು. ಯುಎಸ್‌ಬಿ ಡ್ರೈವ್ ಬಳಸಲು ಮೂರು ಬಗೆಯ ಭಾಗಗಳು ಬೇಕು. ಮೊದಲನೆಯದು, ಡ್ರೈವನ್ನು ಗುರುತಿಸುವ ಚಾಲಕ ತಂತ್ರಾಂಶ. ಎರಡನೆಯದು, ಡ್ರೈವ್‌ನಲ್ಲಿ ಕಡತಗಳನ್ನು ಜೋಡಿಸಿರುವ ಕ್ರಮವನ್ನು, ಅಂದರೆ ಕಡತ ವ್ಯವಸ್ಥೆಯನ್ನು, ಅರಿಯುವ ಭಾಗ. ಮೂರನೆಯದು, ಆ ಕಡತಗಳನ್ನು ಜಾಲದಲ್ಲಿ ಹಂಚುವ ಭಾಗ. ಈ ಕೊನೆಯ ಕೆಲಸಕ್ಕೆ ಸಾಂಬಾ ಹೆಸರಾದದ್ದು. ರ‍್ಯಾಮ್ ಕಡಿಮೆಯಿರುವ ರೌಟರ್‌ಗೆ ಸಾಂಬಾ ಭಾರವಾಗುತ್ತದೆ. ಮಕ್ಕಳು ಕಡತಗಳನ್ನು ಓದುವುದಷ್ಟೇ ಆದರೆ ಒಂದು ಹಗುರ ವೆಬ್ ಸರ್ವರ್ ಸಾಕು. ಬ್ರೌಸರ್ ತೆರೆದು ರೌಟರ್‌ನ ವಿಳಾಸ ಕೊಟ್ಟರೆ ಪಟ್ಟಿ ಕಾಣಿಸುತ್ತದೆ.

2012ರಲ್ಲಿ ಅಮೆರಿಕದ ಗ್ರಂಥಪಾಲಕ ಜೇಸನ್ ಗ್ರಿಫಿ ಇದೇ ಎಂಆರ್3020 ರೌಟರ್‌ಗೆ ಪೆನ್‌ಡ್ರೈವ್ ಚುಚ್ಚಿ ಲೈಬ್ರರಿಬಾಕ್ಸ್ ಎಂಬುದನ್ನು ರೂಪಿಸಿದರು. ಅಂತರಜಾಲವಿಲ್ಲದ ಊರುಗಳಲ್ಲಿ ಪುಸ್ತಕ ಹಂಚುವುದು ಅದರ ಉದ್ದೇಶ.

ಸ್ಥಳದ ಸಮಸ್ಯೆ

ಎಂಆರ್3020ರ ಹಳೆಯ ಆವೃತ್ತಿಯಲ್ಲಿರುವ ಫ್ಲಾಷ್ 4 ಮೆಗಾಬೈಟ್, ರ‍್ಯಾಮ್ 32 ಮೆಗಾಬೈಟ್. ಇಷ್ಟರಲ್ಲಿ ಫರ್ಮ್‌ವೇರ್ ಕುಳಿತ ಮೇಲೆ ಹೊಸ ಭಾಗ ಸೇರಿಸಲು ಜಾಗವೇ ಉಳಿಯದು. ಇದಕ್ಕೊಂದು ಉಪಾಯವಿದೆ. ಡ್ರೈವನ್ನು ಗುರುತಿಸುವಷ್ಟು ಭಾಗವನ್ನು ಫ್ಲಾಷ್‌ನಲ್ಲಿಟ್ಟು, ಉಳಿದ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲೇ ಇಡುವುದು. ಇದಕ್ಕೆ ಎಕ್ಸ್‌ಟ್ರೂಟ್ ಎನ್ನುತ್ತಾರೆ.

ಓಪನ್‌ಡಬ್ಲ್ಯೂಆರ್‌ಟಿಯ ಹೊಸ ಆವೃತ್ತಿಗಳಿಗೆ ಕನಿಷ್ಠ 8 ಮೆಗಾಬೈಟ್ ಫ್ಲಾಷ್, 64 ಮೆಗಾಬೈಟ್ ರ‍್ಯಾಮ್ ಬೇಕು. ಇನ್ನೂ ಹೆಚ್ಚಿದ್ದರೆ ಒಳ್ಳೆಯದು. 4/32ರ ರೌಟರ್‌ಗಳಿಗೆ ಸಿಗುವುದು 19.07ರಂಥ ಹಳೆಯ ಆವೃತ್ತಿ ಮಾತ್ರ. ಅದಕ್ಕೆ ಸುರಕ್ಷತೆಯ ತಿದ್ದುಪಡಿಗಳು 2022ರಲ್ಲೇ ನಿಂತಿವೆ. ಆದ್ದರಿಂದ ಅಂಥ ರೌಟರನ್ನು ಅಂತರಜಾಲಕ್ಕೆ ಜೋಡಿಸದೆ, ಒಂಟಿ ಗ್ರಂಥಾಲಯವಾಗಿ ಮಾತ್ರ ಬಳಸಿ.

ಬದಲಿಸುವ ಮುನ್ನ

1. ರೌಟರ್‌ನ ಬೆನ್ನಿಗೆ ಅಂಟಿಸಿದ ಚೀಟಿ ಓದಿ. ಮಾದರಿಯ ಹೆಸರಷ್ಟೇ ಅಲ್ಲ, ಆವೃತ್ತಿಯ ಸಂಖ್ಯೆಯೂ ಮುಖ್ಯ. ಡಬ್ಲ್ಯೂಆರ್‌ಟಿ54ಜಿಯ 4ನೆಯ ಆವೃತ್ತಿಯಲ್ಲಿ 4 ಮೆಗಾಬೈಟ್ ಫ್ಲಾಷ್ ಇತ್ತು. 5ನೆಯದರಲ್ಲಿ 2 ಮೆಗಾಬೈಟ್ ಮಾತ್ರ. ಹೆಸರು ಒಂದೇ, ಒಳಗಿನದು ಬೇರೆ.

2. ಆ ಆವೃತ್ತಿಗೇ ಮೀಸಲಾದ ಕಡತವನ್ನು ಯೋಜನೆಯ ಅಧಿಕೃತ ತಾಣದಿಂದಲೇ ಇಳಿಸಿ. ಜೊತೆಗೆ ಕೊಟ್ಟ ಪರೀಕ್ಷಾ ಸಂಖ್ಯೆಯೊಂದಿಗೆ ತಾಳೆ ನೋಡಿ. ಒಂದು ಬಿಟ್ ಬದಲಾಗಿದ್ದರೂ ಸಂಖ್ಯೆ ಹೊಂದುವುದಿಲ್ಲ.

3. ವೈಫೈ ಬೇಡ, ತಂತಿಯ ಮೂಲಕವೇ ಗಣಕಕ್ಕೆ ಜೋಡಿಸಿ. ಬರೆಯುತ್ತಿರುವಾಗ ಕರೆಂಟು ಹೋದರೆ ಫ್ಲಾಷ್‌ನಲ್ಲಿ ಅರ್ಧ ಹಳೆಯದು, ಅರ್ಧ ಹೊಸದು ಉಳಿದು ರೌಟರ್ ಏಳದೇ ಹೋಗಬಹುದು. ಆದ್ದರಿಂದ ರೌಟರ್, ಗಣಕ ಎರಡನ್ನೂ ಯುಪಿಎಸ್‌ಗೆ ಹಾಕಿ.

4. ಬಾಡಿಗೆಯ ಅಥವಾ ಸೇವಾದಾರರು ಕೊಟ್ಟ ರೌಟರ್ ಮುಟ್ಟಬೇಡಿ. ನಿಮ್ಮದೇ ಆದರೂ ವಾರಂಟಿ ಹೋಗಬಹುದು. ಶಾಲೆಯ ಸ್ವತ್ತಾದರೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆಯಿರಿ.

ಡ್ರೈವ್‌ಗೆ ಬೇಕಾದ ವಿದ್ಯುತ್

ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್. ಗುಣಿಸಿದರೆ 2.5 ವಾಟ್. ಪೆನ್‌ಡ್ರೈವ್‌ಗೆ ಇದು ಧಾರಾಳ. ತಿರುಗುವ ತಟ್ಟೆಯಿರುವ ಹಾರ್ಡ್‌ಡಿಸ್ಕ್ ಮಾತ್ರ ತಿರುಗಲು ಆರಂಭಿಸುವಾಗ ಇದಕ್ಕಿಂತ ಹೆಚ್ಚು ಕೇಳಬಲ್ಲದು. ನಿಂತ ಎತ್ತಿನ ಗಾಡಿಯನ್ನು ಕದಲಿಸಲು ಹೆಚ್ಚು ಬಲ ಬೇಕಾಗುವಂತೆ. ಆಗ ಡಿಸ್ಕ್ ಟಕ್ ಟಕ್ ಎನ್ನುತ್ತದೆ ಅಥವಾ ರೌಟರ್ ಮತ್ತೆ ಮತ್ತೆ ಆರಿ ಹೊತ್ತಿಕೊಳ್ಳುತ್ತದೆ. ತಪ್ಪು ಫರ್ಮ್‌ವೇರ್‌ನದೆಂದು ತಿಳಿಯಬೇಡಿ. ಪ್ರತ್ಯೇಕ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಮೂಲಕ ಜೋಡಿಸಿ.

ಕಡತ ವ್ಯವಸ್ಥೆಯ ಆಯ್ಕೆಯೂ ಮುಖ್ಯ. ಫ್ಯಾಟ್32 ಎಲ್ಲ ಗಣಕಗಳಿಗೂ ಅರ್ಥವಾಗುತ್ತದೆ. ಆದರೆ ಅದರಲ್ಲಿ 4 ಗಿಗಾಬೈಟ್‌ಗಿಂತ ದೊಡ್ಡ ಕಡತ ಇಡಲಾಗದು. ಲಿನಕ್ಸ್‌ನ ಎಕ್ಸ್ಟ್4 ತಾನು ಮಾಡಲಿರುವ ಬದಲಾವಣೆಯನ್ನು ಮೊದಲು ದಿನಚರಿಯಂತೆ ಬರೆದಿಟ್ಟುಕೊಳ್ಳುತ್ತದೆ. ನಡುವೆ ಕರೆಂಟು ಹೋದರೆ ಆ ದಿನಚರಿ ನೋಡಿ ವ್ಯವಸ್ಥೆಯನ್ನು ಸರಿಪಡಿಸಿಕೊಳ್ಳುತ್ತದೆ. ಕರೆಂಟು ಹೋಗಿ ಬರುವ ಊರುಗಳಲ್ಲಿ ಇದೇ ಲೇಸು. ಆದರೂ ಆ ಗಳಿಗೆಯಲ್ಲಿ ಬರೆಯುತ್ತಿದ್ದ ಕಡತ ಉಳಿಯುತ್ತದೆಂಬ ಭರವಸೆ ಇಲ್ಲ.

ಬಾಗಿಲಿಗೆ ಬೀಗ

ಸಾಂಬಾ ಬಳಸುವುದಾದರೆ ಅದನ್ನು ಶಾಲೆಯ ಒಳಜಾಲಕ್ಕೆ ಮಾತ್ರ ಸೀಮಿತಗೊಳಿಸಿ. ಎಸ್‌ಎಂಬಿ ಎಂಬ ಹಂಚಿಕೆಯ ಕ್ರಮದ ಮೊದಲ ಆವೃತ್ತಿಯನ್ನು ಚಾಲೂ ಮಾಡಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪೀಡಕ ತಂತ್ರಾಂಶ ಹರಡಿದ್ದು ವಿಂಡೋಸ್‌ನಲ್ಲಿದ್ದ ಆ ಹಳೆಯ ಆವೃತ್ತಿಯ ದೋಷದ ಮೂಲಕವೇ. ಮಕ್ಕಳಿಗೆ ಓದುವ ಅನುಮತಿ ಮಾತ್ರ ಕೊಡಿ, ಬರೆಯುವ ಅನುಮತಿ ಶಿಕ್ಷಕರಲ್ಲಿರಲಿ. ಅಂಕಪಟ್ಟಿ, ಮಕ್ಕಳ ಮನೆಯ ವಿಳಾಸಗಳನ್ನು ಇದರಲ್ಲಿ ಇಡಲೇಬೇಡಿ.

ಕೊನೆಯ ಮಾತೇ ಮುಖ್ಯ ಮಾತು

ಒಂದೇ ಡ್ರೈವ್‌ನಲ್ಲಿರುವ ಕಡತ ಸುರಕ್ಷಿತವಲ್ಲ. ಬೀದರ್ ನಗರದಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾವನ್ನು ನೀವು ನೋಡಿರಬಹುದು. ಅಲ್ಲಿನ ಗ್ರಂಥಾಲಯದಲ್ಲಿ ಸುಮಾರು 3000 ಗ್ರಂಥಗಳಿದ್ದವು ಎನ್ನುತ್ತದೆ ಇತಿಹಾಸ. 17ನೆಯ ಶತಮಾನದ ಕೊನೆಯಲ್ಲಿ ಸ್ಫೋಟವೊಂದರಿಂದ ಕಟ್ಟಡದ ಒಂದು ಭಾಗ ಕುಸಿಯಿತು. ಇಂದು ಅಲ್ಲಿ ಬಣ್ಣದ ಹೆಂಚುಗಳು ಅಂಟಿಕೊಂಡ ಗೋಡೆಗಳಿವೆ, ಒಂದು ಮಿನಾರವಿದೆ, ಗ್ರಂಥಗಳಿಲ್ಲ. ಕೈಬರಹದ ಕಾಲದಲ್ಲಿ ಪ್ರತಿ ಮಾಡಲು ತಿಂಗಳುಗಳು ಬೇಕಿದ್ದವು. ಈಗ ನಿಮಿಷಗಳು ಸಾಕು. ಔರಾದದ ಶಾಲೆಯ ಡ್ರೈವ್‌ನ ಪ್ರತಿಯೊಂದು ಭಾಲ್ಕಿಯ ಶಾಲೆಯಲ್ಲಿರಲಿ, ಅಲ್ಲಿನದು ಇಲ್ಲಿರಲಿ. ತಿಂಗಳಿಗೊಮ್ಮೆ ಸಭೆಗೆಂದು ಬೀದರ್‌ನಲ್ಲಿ ಸೇರುವ ಶಿಕ್ಷಕರು ಚೀಲದಲ್ಲಿ ಒಂದು ಪೆನ್‌ಡ್ರೈವ್ ತಂದರೆ ಆಯಿತು.

ಮಾಡಿ ನೋಡಿ

100 ಮೆಗಾಬೈಟ್‌ನ ಒಂದು ಕಡತವನ್ನು ಡ್ರೈವ್‌ನಲ್ಲಿಡಿ. ಮೊದಲು ಒಬ್ಬರು, ಆಮೇಲೆ ಐವರು, ಹತ್ತು ಮಂದಿ ಒಟ್ಟಿಗೆ ಇಳಿಸಿಕೊಳ್ಳಲಿ. ಪ್ರತಿ ಸಲ ತಗುಲಿದ ಸಮಯ ಬರೆದು ನಕ್ಷೆ ಎಳೆಯಿರಿ. ರೇಖೆ ನೇರವಾಗಿದೆಯೇ? ಎಲ್ಲಿ ಬಾಗಿದೆ? ಅಡ್ಡಿಯಾದದ್ದು ವೈಫೈಯೋ, ಡ್ರೈವೋ, ಸಂಸ್ಕಾರಕವೋ? ತಂತಿಯ ಮೂಲಕ ಇದೇ ಪ್ರಯೋಗ ಮಾಡಿ ಹೋಲಿಸಿದರೆ ಉತ್ತರದ ಸುಳಿವು ನಿಮಗೇ ಸಿಗುತ್ತದೆ.